ಸತ್ತವನು ಎಷ್ಟು ಹೊತ್ತು ಕಾಯಬೇಕು? ಹೊಸ ಶೂಟರ್‌ಗೆ ಮೋಡ್ ಆರಿಸುವ ಪ್ರಶ್ನೆ

ಪ್ರಶ್ನೆ: ನಾವು ಐದು ಜನ ಗೆಳೆಯರು ಬೆಂಗಳೂರಿನ ಬಸವೇಶ್ವರನಗರದಲ್ಲಿ ಒಂದು ಮಹಡಿ ಕೋಣೆ ಬಾಡಿಗೆಗೆ ಹಿಡಿದು ಪಿಸಿಗಾಗಿ ಫಸ್ಟ್-ಪರ್ಸನ್ ಶೂಟರ್ (ಆಟಗಾರನ ಕಣ್ಣಿನಿಂದಲೇ ಕಾಣುವ ಗುಂಡಿನ ವಿಡಿಯೊ ಗೇಮ್) ಮಾಡುತ್ತಿದ್ದೇವೆ. ಕೆ.ಆರ್. ಮಾರುಕಟ್ಟೆಯನ್ನು ಹೋಲುವ ಒಂದು ಮ್ಯಾಪ್ ಮತ್ತು ನಾಲ್ಕು ಬಂದೂಕು ಸಿದ್ಧವಾಗಿವೆ. ಎರಡು-ಮೂರು ಗುಂಡು ತಗುಲಿದರೆ ಆಟಗಾರ ಸಾಯುತ್ತಾನೆ. ಸದ್ಯಕ್ಕೆ ಟೀಮ್ ಡೆತ್‌ಮ್ಯಾಚ್ ಎಂಬ ಒಂದೇ ಮೋಡ್ (ಆಡುವ ಬಗೆ) ಓಡುತ್ತಿದೆ: ಎರಡು ತಂಡ, ಹೆಚ್ಚು ಕೊಂದವರದು ಗೆಲುವು. ಮುಂದೇನು ಅನ್ನುವುದರಲ್ಲಿ ನಮ್ಮೊಳಗೇ ಜಗಳ. ಒಬ್ಬ, ಬ್ಯಾಟಲ್ ರಾಯಲ್ (ಕೊನೆಯವರೆಗೆ ಬದುಕಿ ಉಳಿದವರೇ ಗೆಲ್ಲುವ ಮೋಡ್) ಇಲ್ಲದಿದ್ದರೆ ನಮ್ಮ ದೇಶದಲ್ಲಿ ಯಾರೂ ತಿರುಗಿ ನೋಡುವುದಿಲ್ಲ ಅನ್ನುತ್ತಾನೆ. ಇನ್ನೊಬ್ಬನಿಗೆ ವ್ಯಾಲರಂಟ್ ಥರ ಬಾಂಬ್ ಇಡುವ ಆಟವೇ ಬೇಕು. ಮೂರನೆಯವನ ಪ್ರಕಾರ ಡೆತ್‌ಮ್ಯಾಚ್, ಕ್ಯಾಪ್ಚರ್ ದ ಫ್ಲ್ಯಾಗ್ (ಎದುರಾಳಿಯ ಬಾವುಟ ಕದ್ದು ತರುವ ಮೋಡ್) ಎಲ್ಲ ಹಳೇ ಕಾಲದವು, ಮುಟ್ಟಲೇಬಾರದು. ಎಂಟು ಮೋಡ್ ಕೊಟ್ಟುಬಿಡೋಣ, ಯಾರಿಗೆ ಯಾವುದು ಇಷ್ಟವೋ ಅದನ್ನು ಆಡಲಿ ಎಂಬುದು ನನ್ನ ಅಭಿಪ್ರಾಯ. ಕೈಯಲ್ಲಿರುವ ದುಡ್ಡು ಒಂದು ವರ್ಷಕ್ಕೆ ಸಾಕು. ಇವತ್ತಿನ ಶೂಟರ್‌ಗೆ ಯಾವ ಮೋಡ್ ಸರಿ? ತಂಡವಿಲ್ಲದೆ ಪ್ರತಿಯೊಬ್ಬನೂ ಎಲ್ಲರ ಎದುರು ಆಡುವ ಫ್ರೀ-ಫಾರ್-ಆಲ್ ಇಡಬೇಕೇ, ಬೇಡವೇ?

ಉತ್ತರ: ನೀವು ಕೇಳಿರುವುದು ಮೋಡ್ ಬಗ್ಗೆ. ಆದರೆ ಪತ್ರದ ತುಂಬ ಕಾಣುವುದು ಬೇರೆ ಭಯ: ಒಂದು ವರ್ಷ ದುಡಿದು ಆಟ ಬಿಡುಗಡೆ ಮಾಡಿದ ಮೇಲೆ, ಯಾರೋ ಒಬ್ಬರು ರಾತ್ರಿ ‘ಪ್ಲೇ’ ಒತ್ತಿ, ಮ್ಯಾಚ್ ಸಿಗದೆ, ಎರಡು ನಿಮಿಷ ನೋಡಿ ಹೊರಟುಹೋದರೆ? ಈ ಭಯ ಸರಿಯಾದದ್ದೇ. ಮಲ್ಟಿಪ್ಲೇಯರ್ ವಿನ್ಯಾಸದ ಕೆಲಸದಲ್ಲಿ ನಾನು ನೋಡಿದ ಚಿಕ್ಕ ತಂಡಗಳ ಆಟಗಳು ಬಂದೂಕು ಚೆನ್ನಾಗಿಲ್ಲವೆಂದು ಸೋತದ್ದು ಕಡಿಮೆ. ಹೆಚ್ಚಿನವು ಲಾಬಿ (ಮ್ಯಾಚ್‌ಗೆ ಮುಂಚೆ ಆಟಗಾರರು ಸೇರುವ ಜಾಗ) ತುಂಬದೆ ಸೋತವು.

ಮೊದಲು ‘ಹಳೇ ಮೋಡ್, ಹೊಸ ಮೋಡ್’ ಎಂಬ ವಾದವನ್ನು ಪಕ್ಕಕ್ಕಿಡೋಣ. ಡೆತ್‌ಮ್ಯಾಚ್ 1993ರಲ್ಲಿ ಡೂಮ್ ಜೊತೆ ಬಂತು, ಆಗ ನಾಲ್ಕು ಜನ ಲ್ಯಾನ್‌ನಲ್ಲಿ (ಒಂದೇ ಕಡೆ ಒಂದಕ್ಕೊಂದು ಜೋಡಿಸಿದ ಕಂಪ್ಯೂಟರ್‌ಗಳಲ್ಲಿ) ಆಡುತ್ತಿದ್ದರು. ಬಾಂಬ್ ಇಡುವ ಮೋಡ್ ಪ್ರಸಿದ್ಧವಾದದ್ದು ಕೌಂಟರ್-ಸ್ಟ್ರೈಕ್‌ನಿಂದ. ಅದು 1999ರಲ್ಲಿ ಹಾಫ್-ಲೈಫ್ ಆಟದ ಮಾಡ್ (ಇದ್ದ ಆಟವನ್ನೇ ತಿದ್ದಿ ಮಾಡಿದ್ದು) ಆಗಿ ಶುರುವಾಗಿ 2000ದಲ್ಲಿ ಅಂಗಡಿಗೆ ಬಂತು. 2020ರ ವ್ಯಾಲರಂಟ್ ನಿಂತಿರುವುದು ಅದೇ ಅಡಿಪಾಯದ ಮೇಲೆ. ಅಂದರೆ ನಿಮ್ಮ ಗೆಳೆಯನಿಗೆ ‘ಹೊಸದು’ ಅನ್ನಿಸುವ ಮೋಡ್‌ಗೂ ಕಾಲು ಶತಮಾನ ತುಂಬಿದೆ. ಇನ್ನು ಡೆತ್‌ಮ್ಯಾಚ್ ಸತ್ತಿದೆಯೇ? ಟೀಮ್ ಡೆತ್‌ಮ್ಯಾಚ್ ಇಲ್ಲದೆ ಶುರುವಾದ ವ್ಯಾಲರಂಟ್, 2023ರಲ್ಲಿ ಅದನ್ನು ತಾನಾಗಿಯೇ ಸೇರಿಸಿಕೊಂಡಿತು. ಬಿಜಿಎಂಐ (ಪಬ್‌ಜಿ ಮೊಬೈಲ್‌ನ ಭಾರತದ ಆವೃತ್ತಿ) ಆಡುವ ಹುಡುಗರನ್ನು ಕೇಳಿ ನೋಡಿ, ಗೋದಾಮಿನ ಮ್ಯಾಪ್‌ನಲ್ಲಿ ನಾಲ್ವರ ಎದುರು ನಾಲ್ವರು, 40 ಕಿಲ್‌ವರೆಗೆ ಆಡುವ ಟಿಡಿಎಂ (ಟೀಮ್ ಡೆತ್‌ಮ್ಯಾಚ್) ಅವರಿಗೆ ಕೈ ಪಳಗಿಸುವ ಜಾಗ. ಡೆತ್‌ಮ್ಯಾಚ್ ಸತ್ತಿಲ್ಲ, ಅದರ ಕೆಲಸ ಬದಲಾಗಿದೆ. ಒಂದು ಕಾಲಕ್ಕೆ ಅದೇ ಊಟವಾಗಿತ್ತು, ಈಗ ಊಟಕ್ಕೆ ಮುಂಚಿನ ಕೋಸಂಬರಿ.

ಹಾಗಾದರೆ ಮೋಡ್ ಹೊಂದುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಯಾವುದು? ನನ್ನ ಮಟ್ಟಿಗೆ ಒಂದೇ ಪ್ರಶ್ನೆ: ನಿಮ್ಮ ಆಟದಲ್ಲಿ ಸಾವಿಗೆ ಬೆಲೆ ಎಷ್ಟು? ಸಾಯಲು ಎಷ್ಟು ಹೊತ್ತು ಹಿಡಿಯುತ್ತದೆ, ಸತ್ತ ಮೇಲೆ ಎಷ್ಟು ಹೊತ್ತು ಕಾಯಬೇಕು, ಮರಳಿ ಬಂದ ಮೇಲೆ ಜಗಳದ ಜಾಗಕ್ಕೆ ತಲುಪಲು ಎಷ್ಟು ಹೊತ್ತು ಬೇಕು. ಈ ಮೂರೂ ಸೇರಿ ಆ ಬೆಲೆ. ಮೋಡ್ ಅಂದರೆ ಈ ಬೆಲೆಯನ್ನು ನಿಗದಿ ಮಾಡುವ ನಿಯಮಗಳು.

ಕ್ವೇಕ್‌ನಂಥ ಆಟದಲ್ಲಿ ಡೆತ್‌ಮ್ಯಾಚ್ ಏಕೆ ಅಷ್ಟು ಚೆನ್ನಾಗಿ ಕೂತಿತು ನೋಡಿ. ಅಲ್ಲಿ ಆಟಗಾರ ಬೇಗ ಸಾಯುವುದಿಲ್ಲ. ಮೈಮೇಲೆ ಕವಚವಿದೆ, ಕಾಲಲ್ಲಿ ವೇಗವಿದೆ, ರಾಕೆಟ್ ಬರುವುದು ಕಣ್ಣಿಗೆ ಕಾಣುತ್ತದೆ, ತಪ್ಪಿಸಿಕೊಳ್ಳಬಹುದು. ಕವಚ ಯಾವ ಕ್ಷಣಕ್ಕೆ ಮತ್ತೆ ಹುಟ್ಟುತ್ತದೆ ಎಂದು ಲೆಕ್ಕ ಇಟ್ಟವನು ಗೆಲ್ಲುತ್ತಾನೆ. ಕೊಲ್ಲುವುದರ ಆಚೆಗೂ ಹೋರಾಡಲು ಏನೋ ಇದೆ. ನಿಮ್ಮ ಆಟದಲ್ಲಿ ಎರಡು-ಮೂರು ಗುಂಡಿಗೆ ಕಥೆ ಮುಗಿಯುತ್ತದೆ. ಅಲ್ಲಿ ಯಾರು ಮೊದಲು ನೋಡಿದರೋ ಅವರೇ ಬದುಕುತ್ತಾರೆ. ಇಂಥ ಆಟಕ್ಕೆ ಬರೀ ಡೆತ್‌ಮ್ಯಾಚ್ ಹಾಕಿದರೆ ಬುದ್ಧಿವಂತ ಆಟಗಾರ ಮಾಡುವ ಮೊದಲ ಕೆಲಸ, ಮಾರುಕಟ್ಟೆಯ ಹೂವಿನ ಗಲ್ಲಿಯ ಮೂಲೆಯಲ್ಲಿ ಕೂತು ಬಾಗಿಲಿಗೆ ಗುರಿ ಇಡುವುದು. ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಓಡಾಡುವುದಕ್ಕೆ ನೀವು ಕಾರಣವನ್ನೇ ಕೊಟ್ಟಿಲ್ಲವಲ್ಲ.

ಡೆತ್‌ಮ್ಯಾಚ್‌ನ ಇನ್ನೊಂದು ಕಾಯಿಲೆ ಸ್ಪಾನ್, ಅಂದರೆ ಸತ್ತವನು ಮತ್ತೆ ಹುಟ್ಟಿ ಇಳಿಯುವ ಜಾಗ. ಒಂದು ತಂಡ ಮುಂದೆ ಸರಿದಂತೆ, ಸತ್ತವರನ್ನು ಎಲ್ಲಿ ಇಳಿಸಬೇಕೆಂದು ಸರ್ವರ್ ತಿಣುಕಾಡುತ್ತದೆ. ಹಿಂದೆ ಇಳಿಸಿದರೆ ಅವರು ಎದುರಾಳಿಯ ಗುರಿಯೊಳಗೆ ಬೀಳುತ್ತಾರೆ. ಮ್ಯಾಪ್‌ನ ಇನ್ನೊಂದು ತುದಿಗೆ ಇಳಿಸಿದರೆ, ಕಷ್ಟಪಟ್ಟು ಜಾಗ ಹಿಡಿದವನ ಬೆನ್ನಿಗೇ ಶತ್ರು ಹುಟ್ಟುತ್ತಾನೆ. ಗುಂಡು ತಿಂದು ತಡೆದುಕೊಳ್ಳುವ ಆಟದಲ್ಲಿ ಇದು ಸಣ್ಣ ಕಿರಿಕಿರಿ. ಎರಡು ಗುಂಡಿನ ಆಟದಲ್ಲಿ ಇದೇ ಕಾರಣಕ್ಕೆ ಜನ ಆಟ ಅಳಿಸುತ್ತಾರೆ.

ಈಗ ಬಾಂಬ್ ಮೋಡ್: ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಬೇಗ ಕೊಲ್ಲುವ ಬಂದೂಕಿಗೆ ಇದರಷ್ಟು ಒಪ್ಪುವ ಮೋಡ್ ಇಲ್ಲ, ನಿಮ್ಮ ಎರಡನೇ ಗೆಳೆಯನ ಅಂದಾಜು ಅಷ್ಟರ ಮಟ್ಟಿಗೆ ಸರಿ. ಸತ್ತರೆ ಆ ರೌಂಡ್ ಮುಗಿಯಿತು ಅಂದಾಗ ಪ್ರತಿ ಹೆಜ್ಜೆಗೂ ತೂಕ ಬರುತ್ತದೆ. ವ್ಯಾಲರಂಟ್‌ನಲ್ಲಿ ರೌಂಡ್‌ಗೆ 100 ಸೆಕೆಂಡು, ಸ್ಪೈಕ್ (ಅಲ್ಲಿನ ಬಾಂಬ್) ಇಟ್ಟ ಮೇಲೆ ಇನ್ನೂ 45 ಸೆಕೆಂಡು. ಶುರುವಿನಲ್ಲೇ ಸತ್ತವನು ಎರಡು ನಿಮಿಷ ಕೈಕಟ್ಟಿ ಕೂರಬೇಕಾಗಬಹುದು. ಅವನು ಯಾಕೆ ಕೂರುತ್ತಾನೆ? ಉಳಿದ ಒಬ್ಬ ಗೆಳೆಯ ಮೂವರ ಎದುರು ಕ್ಲಚ್ ಮಾಡುವುದನ್ನು, ಅಂದರೆ ಒಂಟಿಯಾಗಿ ರೌಂಡ್ ಗೆಲ್ಲುವುದನ್ನು, ನೋಡುವ ಆಸೆಗೆ. ಉಳಿಸಿದ ಬಂದೂಕು, ಸೇರಿದ ದುಡ್ಡು ಮುಂದಿನ ರೌಂಡ್‌ಗೆ ಸಿಗುತ್ತದೆ ಎಂಬ ಲೆಕ್ಕಕ್ಕೆ. ಜೊತೆಗೆ ಮಧ್ಯೆ ಎದ್ದುಹೋದರೆ ಶಿಕ್ಷೆ ಇದೆ ಎಂಬ ಹೆದರಿಕೆಗೆ. ಈ ಮೂರನೆಯದು ನಿಮ್ಮ ಕೈಯಲ್ಲಿಲ್ಲ. ಕೋಟಿಗಟ್ಟಲೆ ಆಟಗಾರರಿರುವ ಕಂಪನಿ ಒಬ್ಬನನ್ನು ಒಂದು ದಿನ ಹೊರಗಿಟ್ಟರೆ ಅವನು ಮರುದಿನ ಬರುತ್ತಾನೆ. ನೀವು ಹೊರಗಿಟ್ಟರೆ ಅವನು ಮತ್ತೆ ಬರುವುದೇ ಇಲ್ಲ. ಐವರಲ್ಲಿ ಒಬ್ಬ ಎದ್ದರೆ ಉಳಿದ ಒಂಬತ್ತು ಜನರ ಮ್ಯಾಚ್ ಕೂಡ ಕೆಡುತ್ತದೆ.

ದೊಡ್ಡವರೂ ಈ ಕಾಯುವಿಕೆಯನ್ನು ಕಡಿಮೆ ಮಾಡುತ್ತಲೇ ಬಂದಿದ್ದಾರೆ ಎಂಬುದನ್ನು ಗಮನಿಸಿ. ಕೌಂಟರ್-ಸ್ಟ್ರೈಕ್‌ನ ಹಿಂದಿನ ಆವೃತ್ತಿ ಸಿಎಸ್: ಜಿಓದಲ್ಲಿ ಗೆಲ್ಲಲು 16 ರೌಂಡ್ ಬೇಕಿತ್ತು. 2023ರ ಕೌಂಟರ್-ಸ್ಟ್ರೈಕ್ 2 ಅದನ್ನು 13ಕ್ಕೆ ಇಳಿಸಿತು. ವ್ಯಾಲರಂಟ್‌ನ ಚಿಕ್ಕ ಮೋಡ್ ಆದ ಸ್ವಿಫ್ಟ್‌ಪ್ಲೇಯಲ್ಲಿ ಐದು ರೌಂಡ್ ಗೆದ್ದರೆ ಸಾಕು. ಔಟರ್ ರಿಂಗ್ ರೋಡ್‌ನ ಟ್ರಾಫಿಕ್ ದಾಟಿ ಒಂಬತ್ತಕ್ಕೆ ಮನೆ ಸೇರುವವನಿಗೆ, ಊಟಕ್ಕೆ ಕರೆಯುವುದರೊಳಗೆ ಮುಗಿಯುವ ಮ್ಯಾಚ್ ಬೇಕು. ನಲವತ್ತು ನಿಮಿಷ ಎದ್ದೇಳಬಾರದು ಎಂಬ ಕರಾರಿಗೆ ಅವನು ದಿನಾ ಸಹಿ ಹಾಕುವುದಿಲ್ಲ.

ಇದಕ್ಕೆ ನೆಟ್‌ವರ್ಕ್ ಕೂಡ ಸೇರಿಕೊಳ್ಳುತ್ತದೆ, ಇದನ್ನು ಹೆಚ್ಚಿನವರು ಮೋಡ್ ಜೊತೆ ಜೋಡಿಸಿ ಯೋಚಿಸುವುದಿಲ್ಲ. ಇಂಟರ್‌ನೆಟ್ ಸಾಗಿಸುವ ಗಾಜಿನ ನಾರಿನಲ್ಲಿ (ಆಪ್ಟಿಕಲ್ ಫೈಬರ್) ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಮುಂಬೈ ನೇರ ಗೆರೆಯಲ್ಲಿ 840 ಕಿಲೋಮೀಟರ್‌ನಷ್ಟು ದೂರ, ಹೋಗಿಬರಲು ಎಂಟು ಮಿಲಿಸೆಕೆಂಡಾದರೂ ಬೇಕೇ ಬೇಕು. ಸಿಂಗಪುರಕ್ಕೆ ಮೂವತ್ತರ ಮೇಲೆ. ಕೇಬಲ್ ನೇರವಾಗಿ ಹೋಗುವುದಿಲ್ಲ, ನಡುವೆ ಹತ್ತಾರು ಉಪಕರಣಗಳಿವೆ, ಪಿಜಿಯ ವೈಫೈ ಅನ್ನು ಆರು ಜನ ಹಂಚಿಕೊಂಡಿರುತ್ತಾರೆ. ಹಾಗಾಗಿ ನಿಜವಾದ ಪಿಂಗ್ (ಸರ್ವರ್‌ಗೆ ಹೋಗಿಬರುವ ಸಮಯ) ಇದಕ್ಕಿಂತ ಜಾಸ್ತಿಯೇ. ಈ ವಿಳಂಬವನ್ನು ಸರಿದೂಗಿಸಲು ಸರ್ವರ್, ಗುಂಡು ಹಾರಿಸಿದವನ ಪರದೆಯಲ್ಲಿ ಆ ಕ್ಷಣ ಏನು ಕಂಡಿತ್ತೋ ಅಷ್ಟು ಹಿಂದಕ್ಕೆ ಹೋಗಿ ತೀರ್ಪು ಕೊಡುತ್ತದೆ. ಹೊಡೆದವನಿಗೆ ಅದು ನ್ಯಾಯ. ಹೊಡೆಸಿಕೊಂಡವನಿಗೆ ಮಾತ್ರ, ಗೋಡೆಯ ಹಿಂದೆ ಸರಿದ ಮೇಲೂ ಸತ್ತೆ ಅನ್ನಿಸುತ್ತದೆ. ಈ ಅನ್ಯಾಯ ಎಲ್ಲ ಶೂಟರ್‌ನಲ್ಲೂ ಇದೆ. ಆದರೆ ಐದು ಸೆಕೆಂಡಿಗೆ ಮರಳಿ ಬರುವ ಮೋಡ್‌ನಲ್ಲಿ ಅದು ಐದು ಸೆಕೆಂಡಿನ ಅನ್ಯಾಯ, ರೆಸ್ಪಾನ್ (ಮರಳಿ ಬರುವುದು) ಇಲ್ಲದ ಮೋಡ್‌ನಲ್ಲಿ ಎರಡು ನಿಮಿಷದ್ದು. ಸರ್ವರ್‌ಗೆ ಖರ್ಚು ಮಾಡಲಾಗದ ತಂಡ ಸಾವಿನ ಬೆಲೆಯನ್ನು ಏರಿಸಬಾರದು. ಇದು ಕೆಲಸ ಕಲಿಸಿದ ಪಾಠ.

ಕ್ಯಾಪ್ಚರ್ ದ ಫ್ಲ್ಯಾಗ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಮೂರನೇ ಗೆಳೆಯನ ತೀರ್ಮಾನ ಸರಿ, ಕಾರಣ ತಪ್ಪು. ಬಾವುಟ ಹೊತ್ತವನು ಬಯಲು ದಾಟಿ ಓಡಬೇಕು. ಕಾಲಿನ ವೇಗ ಬಂದೂಕನ್ನು ಮೀರಿಸುವ ಆಟದಲ್ಲಿ ಆ ಓಟವೇ ರೋಮಾಂಚನ. ಎರಡು ಗುಂಡಿನ ಆಟದಲ್ಲಿ ಅವನು ಹತ್ತು ಹೆಜ್ಜೆಯೂ ಹೋಗುವುದಿಲ್ಲ, ಇತ್ತ ಬಾವುಟ ಕಾಯಲು ನಿಂತ ಇಬ್ಬರಿಗೆ ಮ್ಯಾಚ್ ಪೂರ್ತಿ ಕೆಲಸವಿರುವುದಿಲ್ಲ. ಬಿಡಿ.

ಬ್ಯಾಟಲ್ ರಾಯಲ್ ಮತ್ತು ನಿಮ್ಮ ಎಂಟು ಮೋಡ್, ಇವೆರಡನ್ನೂ ಒಟ್ಟಿಗೆ ನೋಡಬೇಕು. ಏಕೆಂದರೆ ಎರಡೂ ಎಡವುವುದು ಒಂದೇ ಕಲ್ಲಿಗೆ. ಕಾಗದ ಪೆನ್ನು ತೆಗೆದುಕೊಳ್ಳಿ. ಹತ್ತು ಜನರ ಒಂದು ಮೋಡ್, ಮ್ಯಾಚ್ 12 ನಿಮಿಷ. ಪ್ರತಿ ಎರಡು ನಿಮಿಷಕ್ಕೆ ಒಂದು ಮ್ಯಾಚ್ ಶುರುವಾಗಬೇಕು ಅಂದುಕೊಳ್ಳೋಣ, ಆಗ ಯಾರೂ ಎರಡು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ. ನಿಮಿಷಕ್ಕೆ ಐದು ಜನ ಕ್ಯೂಗೆ ಬರಬೇಕು. ಒಬ್ಬೊಬ್ಬರೂ ಸರಾಸರಿ ಒಂದು ನಿಮಿಷ ಕಾದು 12 ನಿಮಿಷ ಆಡುತ್ತಾರೆ. ಐದನ್ನು 13ರಿಂದ ಗುಣಿಸಿ: ಯಾವುದೇ ಹೊತ್ತಿನಲ್ಲಿ 65 ಜನ ಆನ್‌ಲೈನ್ ಇದ್ದರೆ ಆಟ ಜೀವಂತ. ಎಂಟು ಮೋಡ್ ಕೊಟ್ಟರೆ ಅದು 520. ಹೊಸಬರು, ಮಧ್ಯಮದವರು, ನುರಿತವರು ಎಂದು ಮೂರು ಪಾಲು ಮಾಡಿದಿರೋ, 1,560. ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೂ ಅಷ್ಟು ಜನ ಬೇಕು.

ಈಗ ನೂರು ಜನರ ಬ್ಯಾಟಲ್ ರಾಯಲ್. ಎರಡು ನಿಮಿಷಕ್ಕೊಂದು ಮ್ಯಾಚ್ ಅಂದರೆ ನಿಮಿಷಕ್ಕೆ 50 ಜನ. ಬೇಗ ಸತ್ತವರು ಬೇಗ ಹೊರಬರುವುದರಿಂದ ಸರಾಸರಿ ಹತ್ತು ನಿಮಿಷದ ಆಟ, ಒಂದು ನಿಮಿಷ ಕಾಯುವುದು. ಒಟ್ಟು 550. ಅಂದರೆ ನಿಮ್ಮ ‘ಎಂಟು ಮೋಡ್’ ಸಲಹೆಯೂ ಗೆಳೆಯನ ‘ಬ್ಯಾಟಲ್ ರಾಯಲ್’ ಸಲಹೆಯೂ ಹೆಚ್ಚುಕಡಿಮೆ ಒಂದೇ ಗಾತ್ರದ ಜನಸಂದಣಿಯನ್ನು ಕೇಳುತ್ತವೆ. ಇಬ್ಬರೂ ಜಗಳ ನಿಲ್ಲಿಸಬಹುದು!

ಜನ ಸಾಲದಿದ್ದರೆ ಬಾಟ್ (ಕಂಪ್ಯೂಟರೇ ಆಡಿಸುವ ಆಟಗಾರ) ತುಂಬಿಸಿದರಾಯಿತು ಅನ್ನುತ್ತೀರಿ. ಫೋರ್ಟ್‌ನೈಟ್ ಕೂಡ 2019ರಲ್ಲಿ ಬಾಟ್ ತಂದಿತು, ತಪ್ಪೇನಿಲ್ಲ. ಆದರೆ ಎಂಟು ಕಿಲೋಮೀಟರ್ ಉದ್ದ-ಅಗಲದ, ಪಬ್‌ಜಿಯ ಎರಾಂಗೆಲ್‌ನಂಥ ಮ್ಯಾಪ್‌ನಲ್ಲಿ ಲೂಟಿ ಹುಡುಕುವ, ಗಾಡಿ ಓಡಿಸುವ, ಕುಗ್ಗುತ್ತಾ ಹೋಗುವ ವಲಯದೊಳಗೆ ಸಮಯಕ್ಕೆ ಬರುವ ಬಾಟ್ ಬರೆಯುವುದೇ ನಿಮ್ಮ ಒಂದು ವರ್ಷವನ್ನು ತಿನ್ನುತ್ತದೆ. ಆ ಮ್ಯಾಪ್ ಕಟ್ಟುವುದು ಇನ್ನೊಂದು ವರ್ಷ. ಬ್ಯಾಟಲ್ ರಾಯಲ್ ಬೇಡ ಎಂದು ನಾನು ಹೇಳುವುದು ಆ ಮೋಡ್ ಮೇಲಿನ ಅಸಡ್ಡೆಯಿಂದಲ್ಲ. ಸಾವಿನ ಬೆಲೆಯನ್ನು ಅತಿ ಹೆಚ್ಚು ಮಾಡಿ, ಸತ್ತವನನ್ನು ಕೂಡಲೇ ಮುಂದಿನ ಮ್ಯಾಚ್‌ಗೆ ಬಿಟ್ಟುಕೊಡುವುದು ಅದರ ಜಾಣತನ. ಆ ಜಾಣತನ ನಡೆಯುವುದು ಮುಂದಿನ ಮ್ಯಾಚ್ ಕಾದು ನಿಂತಿದ್ದರೆ ಮಾತ್ರ.

ನಾನು ನಿಮ್ಮ ಜಾಗದಲ್ಲಿದ್ದರೆ ಸಾರ್ವಜನಿಕ ಕ್ಯೂಗೆ ಒಂದೇ ಮೋಡ್ ಇಡುತ್ತಿದ್ದೆ: ಐವರ ಎದುರು ಐವರು, ಸತ್ತರೆ ಬೇಗ ಮರಳಿ ಬರುವ, ಜಾಗ ಬದಲಿಸುವ ವಲಯದ ಆಟ. ಕಾಲ್ ಆಫ್ ಡ್ಯೂಟಿಯಲ್ಲಿ 2012ರ ಬ್ಲ್ಯಾಕ್ ಆಪ್ಸ್ 2ರಿಂದ ಇರುವ ಹಾರ್ಡ್‌ಪಾಯಿಂಟ್ ಇದೇ. ವಲಯದೊಳಗೆ ನಿಂತ ತಂಡಕ್ಕೆ ಅಂಕ ಏರುತ್ತದೆ, 60 ಸೆಕೆಂಡಿಗೊಮ್ಮೆ ವಲಯ ಬೇರೆಡೆಗೆ ಹೋಗುತ್ತದೆ. ಮೂಲೆಯಲ್ಲಿ ಕೂತವನಿಗೆ ಅಂಕ ಸಿಗುವುದಿಲ್ಲ, ಎದ್ದು ಬರಲೇಬೇಕು. ಗುರಿಯಿಟ್ಟು ಹೊಡೆಯಲು ಬಾರದವನೂ ವಲಯದಲ್ಲಿ ನಿಂತು ತಂಡಕ್ಕೆ ಉಪಯೋಗವಾಗುತ್ತಾನೆ. ಹೊಸಬರನ್ನು ಉಳಿಸಿಕೊಳ್ಳುವುದು ಈ ಗುಣವೇ. ಸ್ಪಾನ್ ಸಮಸ್ಯೆಯೂ ಅರ್ಧ ಕರಗುತ್ತದೆ: ಜಗಳ ಎಲ್ಲಿ ಎಂದು ಸರ್ವರ್‌ಗೆ ಮೊದಲೇ ಗೊತ್ತು, ಅದಕ್ಕೆ ತಕ್ಕ ದೂರದಲ್ಲಿ ಇಳಿಸುತ್ತದೆ. ಮ್ಯಾಚ್‌ನ ನಡುವೆ ಒಬ್ಬ ಎದ್ದುಹೋದರೆ ಆ ಜಾಗಕ್ಕೆ ಬಾಟ್ ಹಾಕಬಹುದು. ವಲಯಕ್ಕೆ ಓಡು, ಒಳಗೆ ನಿಲ್ಲು, ಕಂಡವರಿಗೆ ಹೊಡೆ ಎಂಬಷ್ಟು ಬುದ್ಧಿಯ ಬಾಟ್ ಬರೆಯುವುದು ಐದು ಜನರ ಕೈಯಲ್ಲಿ ಸಾಧ್ಯ. ಅದು ಬಾಟ್ ಎಂದು ಹೆಸರಿನ ಪಕ್ಕದಲ್ಲೇ ತೋರಿಸಿ. ಮುಚ್ಚಿಟ್ಟರೆ ಆಟಗಾರರು ಹೇಗೂ ಕಂಡುಹಿಡಿಯುತ್ತಾರೆ, ಆಮೇಲೆ ನಿಜವಾದ ಮನುಷ್ಯರನ್ನೂ ನಂಬುವುದಿಲ್ಲ.

ಇದಕ್ಕೂ ಅಪಾಯಗಳಿವೆ. ಕಿಲ್ ಎಣಿಸುವವರು ವಲಯ ಮರೆತು ಹೊರಗೇ ಬೇಟೆಯಾಡುತ್ತಾರೆ. ಅಂಕಪಟ್ಟಿಯಲ್ಲಿ ಕಿಲ್‌ಗಿಂತ ಮೊದಲ ಕಾಲಂನಲ್ಲಿ ವಲಯದ ಸಮಯ ಹಾಕಿ, ಸಾಕಷ್ಟು ತಿದ್ದುತ್ತದೆ. ಚಿಕ್ಕ ವಲಯಕ್ಕೆ ಗ್ರೆನೇಡ್ ಮಳೆ ಸುರಿಯುತ್ತದೆ. ಒಬ್ಬರಿಗೆ ಒಂದೇ ಕೊಡಿ. ಎಲ್ಲಕ್ಕಿಂತ ದೊಡ್ಡದು ವಲಯ ಇಡುವ ಜಾಗ. ಓವರ್‌ವಾಚ್ ಆಟದ ಅಸಾಲ್ಟ್ ಮೋಡ್‌ನಲ್ಲಿ ದಾಳಿಯವರು ಹಿಡಿಯಬೇಕಾದ ಎರಡನೇ ಜಾಗ ರಕ್ಷಕರ ಸ್ಪಾನ್‌ಗೆ ತೀರಾ ಹತ್ತಿರವಿತ್ತು. ದಾಳಿಯವರು ಎಷ್ಟು ಕೊಂದರೂ ಸತ್ತವರು ಕ್ಷಣದಲ್ಲಿ ಮರಳುತ್ತಿದ್ದರು, ಮ್ಯಾಚ್ ಅಲ್ಲೇ ಹೂತುಹೋಗುತ್ತಿತ್ತು. 2022ರಲ್ಲಿ ಓವರ್‌ವಾಚ್ 2 ಬಂದಾಗ ಆ ಮೋಡ್ ಅನ್ನು ಸಾಮಾನ್ಯ ಸರದಿಯಿಂದ ತೆಗೆದೇಬಿಟ್ಟರು. ನಿಮ್ಮ ಮಾರುಕಟ್ಟೆಯ ಮ್ಯಾಪ್‌ನಲ್ಲಿ ವಲಯಕ್ಕೆ ಎರಡೂ ತಂಡಗಳ ದಾರಿ ಸಮಯದಲ್ಲಿ ಸಮನಾಗಿರಲಿ, ಪ್ರತಿ ವಲಯಕ್ಕೆ ಮೂರು ಬಾಗಿಲಾದರೂ ಇರಲಿ. ಮೇಲ್ಸೇತುವೆ ಮಾಡಿದ್ದರೆ ಅದರ ಮೇಲಿಂದ ಒಂದೇ ಸಲಕ್ಕೆ ಎರಡು ವಲಯ ಕಾಣದಂತೆ ಅಡ್ಡ ಕಟ್ಟಿ, ಇಲ್ಲದಿದ್ದರೆ ಸ್ನೈಪರ್ ಒಬ್ಬನೇ ಮ್ಯಾಚ್ ನಡೆಸುತ್ತಾನೆ.

ಬಾಂಬ್ ಮೋಡ್ ಅನ್ನು ಎಸೆಯಬೇಡಿ. ಅದನ್ನು ಖಾಸಗಿ ರೂಮ್‌ಗೆ ಇಡಿ, ಐದು ರೌಂಡ್ ಗೆದ್ದರೆ ಮುಗಿಯುವಂತೆ. ಕೋರಮಂಗಲದ ಗೇಮಿಂಗ್ ಕೆಫೆಯಲ್ಲೋ, ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲೋ ಹತ್ತು ಜನ ಅಕ್ಕಪಕ್ಕ ಕೂತಾಗ ಸತ್ತವನು ಕಾಯುವುದೇ ಇಲ್ಲ, ಗೆಳೆಯನ ಕುರ್ಚಿ ಹಿಂದೆ ನಿಂತು ‘ಎಡಗಡೆ, ಎಡಗಡೆ!’ ಎಂದು ಕೂಗುತ್ತಿರುತ್ತಾನೆ. ಎರಡು ಸಾವಿರದ ಮೊದಲ ದಶಕದಲ್ಲಿ ಈ ಊರಿನ ಸೈಬರ್ ಕೆಫೆಗಳಲ್ಲಿ ಕೌಂಟರ್-ಸ್ಟ್ರೈಕ್ 1.6 ಬೆಳೆದದ್ದೇ ಹಾಗೆ. ಕ್ಯೂ ಬೇಡ, ಮ್ಯಾಚ್‌ಮೇಕಿಂಗ್ ಬೇಡ, ಲ್ಯಾನ್ ಆದ್ದರಿಂದ ಪಿಂಗ್ ಕಾಟವೂ ಇಲ್ಲ. ಎರಡನೇ ಗೆಳೆಯನ ಆಸೆ ಕೈಗೂಡುವುದು ಇಲ್ಲಿ.

ಟಾರ್ಕೋವ್ ಥರದ ಎಕ್ಸ್‌ಟ್ರಾಕ್ಷನ್ (ಸಾಮಾನು ಗಳಿಸಿ ಜೀವಂತವಾಗಿ ಹೊರಬರಬೇಕಾದ ಮೋಡ್) ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ವಾರದ ಜಗಳದಲ್ಲಿ ಯಾರಾದರೂ ಎತ್ತುತ್ತಾರೆ. ಸತ್ತರೆ ಜೊತೆಗೆ ಹೊತ್ತೊಯ್ದ ಸಾಮಾನು ಹೋಗುವ ಆಟದಲ್ಲಿ ಒಬ್ಬ ಚೀಟರ್ ಸಿಕ್ಕರೂ ಆಟಗಾರ ಕ್ಷಮಿಸುವುದಿಲ್ಲ. ಚೀಟ್ ಹಿಡಿಯಲು ದೊಡ್ಡ ಕಂಪನಿಗಳೇ ಪ್ರತ್ಯೇಕ ತಂಡ ಸಾಕುತ್ತವೆ. ಐದು ಜನರಿಗೆ ಅದು ಆಗದು.

ಅಂಗಡಿಯ ಪುಟದಲ್ಲಿ ಮೋಡ್ ಯಾವುದೆಂದು ಮೊದಲ ಸಾಲಿನಲ್ಲೇ ಬರೆಯಿರಿ. ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನ ಫೌಜಿ ನೆನಪಿದೆಯಲ್ಲ? ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾದ ಬೆನ್ನಲ್ಲೇ ಘೋಷಣೆಯಾಗಿ, 2021ರ ಜನವರಿ 26ಕ್ಕೆ ಬಂತು. ಜನ ಬ್ಯಾಟಲ್ ರಾಯಲ್ ಎಂದುಕೊಂಡು ಇಳಿಸಿಕೊಂಡರು, ಸಿಕ್ಕಿದ್ದು ಒಬ್ಬರೇ ಆಡುವ ಕಥಾ ಮೋಡ್. ಟೀಮ್ ಡೆತ್‌ಮ್ಯಾಚ್ ಆಮೇಲೆ ಸೇರಿತು. ನಿರೀಕ್ಷೆಯೇ ಬೇರೆಯಾದಾಗ ಆಟದ ಗುಣವನ್ನು ನೋಡಲು ಯಾರಿಗೂ ತಾಳ್ಮೆ ಇರುವುದಿಲ್ಲ.

ನನ್ನ ಮಾತನ್ನು ನಂಬುವ ಮುಂಚೆ ಪರೀಕ್ಷೆ ಮಾಡಿ. ನಿಮ್ಮನ್ನು ಬಿಟ್ಟು ಬೇರೆ ಹತ್ತು ಜನರನ್ನು ಕೂರಿಸಿ, ವಲಯದ ಮೋಡ್ ಆಡಿಸಿ, ಮೂರು ಸಮಯಗಳನ್ನು ಬರೆದುಕೊಳ್ಳಿ: ಒಂದು ಸಾವಿನಿಂದ ಇನ್ನೊಂದು ಸಾವಿನವರೆಗೆ ಎಷ್ಟು, ಮರಳಿ ಬಂದು ಮೊದಲ ಶತ್ರು ಕಾಣುವವರೆಗೆ ಎಷ್ಟು, ಇಡೀ ಮ್ಯಾಚ್‌ನಲ್ಲಿ ಸತ್ತು ಕಳೆದದ್ದು ಎಷ್ಟು. ಮರಳಿದವನು ಹದಿನೈದು ಸೆಕೆಂಡು ಓಡಿದರೂ ಯಾರೂ ಸಿಗದಿದ್ದರೆ ಮ್ಯಾಪ್ ದೊಡ್ಡದಾಯಿತು. ಮೂರು ಸೆಕೆಂಡಿಗೇ ಸಿಕ್ಕರೆ ಸ್ಪಾನ್ ಹತ್ತಿರವಾಯಿತು. ಈ ಗಡಿಗಳು ನನ್ನ ಅನುಭವದವು, ನಿಮ್ಮ ಬಂದೂಕಿಗೆ ತಕ್ಕಂತೆ ಹಿಂದೆಮುಂದೆ ಮಾಡಿಕೊಳ್ಳಿ. ಸಾವು ತೀರಾ ಬೇಗ ಬರುತ್ತಿದ್ದರೆ ಮೋಡ್ ಬದಲಿಸುವ ಮುಂಚೆ ಗುಂಡಿನ ಪೆಟ್ಟನ್ನು ಸ್ವಲ್ಪ ಇಳಿಸಿ, ನಾಲ್ಕು ಗುಂಡಿಗೆ ತಂದು ನೋಡಿ. ಮೋಡ್ ಸರಿಯಿಲ್ಲ ಎಂಬ ದೂರಿನ ಹಿಂದೆ ಬಂದೂಕಿನ ಲೆಕ್ಕ ತಪ್ಪಿರುವುದನ್ನು ಬಹಳ ಸಲ ಕಂಡಿದ್ದೇನೆ.

ಫ್ರೀ-ಫಾರ್-ಆಲ್ ಇಡಿ, ಆದರೆ ಬೇರೆ ಕ್ಯೂ ಆಗಿ ಬೇಡ. ವಲಯದ ಮ್ಯಾಚ್‌ಗೆ ಜನ ಸೇರುವ ತನಕ, ಅದೇ ಮಾರುಕಟ್ಟೆಯ ಒಂದು ಗಲ್ಲಿಯನ್ನು ಮಾತ್ರ ತೆರೆದು, ಸತ್ತ ತಕ್ಷಣ ಎದ್ದು ಬರುವಂತೆ ಆಡಿಸಿ. ಅಂಕಪಟ್ಟಿ ಬೇಡ. ಹತ್ತನೆಯವನು ಬಂದ ಕೂಡಲೇ ಎಲ್ಲರನ್ನೂ ಮ್ಯಾಚ್‌ಗೆ ಕರೆದೊಯ್ಯಿರಿ, ಈಗ ಓಡುತ್ತಿರುವ ನಿಮ್ಮ ಡೆತ್‌ಮ್ಯಾಚ್ ಕೋಡ್ ಅದಕ್ಕೆ ಸಾಕಾಗುತ್ತದೆ.